ಭಟ್ಟರ ಮನೆಯೇ ಗುರಿಯಾಗಲಿ: ಕುಮಾರಪರ್ವತಕ್ಕೆ ಹೊರಡುವ ಬಾಗಲೂರು–ಹೊಸೂರು ಕಡೆಯ ಚಾರಣಿಗರಿಗೆ ಒಂದು ಬಹಿರಂಗ ಪತ್ರ

ಚಾರಣದ ಗೆಳೆಯರೇ, ಗೆಳತಿಯರೇ,

ಮಳೆಗಾಲ ಮುಗಿದು ಕಾಡಿನ ದಾರಿಗಳು ಮತ್ತೆ ತೆರೆಯುವ ಹೊತ್ತಿಗೆ ನಮ್ಮ ಕಡೆಯ ಚಾರಣದ ಗುಂಪುಗಳು ಚುರುಕಾಗುತ್ತವೆ. ಸಿಪ್ಕಾಟ್ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರು, ಬಾಗಲೂರು–ಬೇರಿಗೈ ಕಡೆಯ ಗುಲಾಬಿ ಪಾಲಿಹೌಸ್‌ಗಳಲ್ಲಿ ದುಡಿಯುವವರು, ಅತ್ತಿಬೆಲೆ ದಾಟಿ ದಿನಾ ಬೆಂಗಳೂರಿಗೆ ಹೋಗಿಬರುವವರು, ಕಾಲೇಜಿನ ಹುಡುಗ ಹುಡುಗಿಯರು ಎಲ್ಲರೂ ಸೇರಿದ ಗುಂಪುಗಳಿವು. ಯಾರೇ ಹೊರಡಿಸಲಿ, ಕುಮಾರಪರ್ವತದ ಯೋಜನೆ ಮಾತ್ರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತದೆ. ಶುಕ್ರವಾರ ಡ್ಯೂಟಿ ಮುಗಿಸಿ ರಾತ್ರಿ ಟೆಂಪೋ ಟ್ರಾವೆಲರ್ ಹತ್ತುವುದು, ಶನಿವಾರ ಬೆಳಗ್ಗೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಳಿದು ಮುಖ ತೊಳೆದು ಬೆಟ್ಟಕ್ಕೆ ಕಾಲಿಡುವುದು, ತುದಿಯಲ್ಲಿ ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಇಳಿಯುವುದು, ಅದೇ ರಾತ್ರಿ ಗಾಡಿ ಹತ್ತಿ ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಊರು ಸೇರುವುದು. ಬೆಟ್ಟ ಹತ್ತಬೇಡಿ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ನನ್ನ ತಕರಾರು ಈ ಅಚ್ಚಿನ ಮೇಲೆ. ಕುಕ್ಕೆಯ ಕಡೆಯಿಂದ ಒಂದೇ ದಿನದಲ್ಲಿ ಹತ್ತಿ ಇಳಿಯುವವರಿಗೆ ಗಿರಿಗದ್ದೆಯ ಭಟ್ಟರ ಮನೆಯೇ ಗುರಿಯಾಗಬೇಕು, ಅಲ್ಲಿಂದಲೇ ತಿರುಗಬೇಕು ಎಂಬುದು ನನ್ನ ವಾದ. ಆ ಮನೆ ತುದಿಗೆ ಹೋಗುವಾಗ ಊಟಕ್ಕೆ ನಿಲ್ಲುವ ತಾಣವಷ್ಟೇ ಎಂಬ ಎಣಿಕೆಯಿಂದ ಇಡೀ ದಿನದ ಲೆಕ್ಕ ತಪ್ಪುತ್ತಿದೆ.

ಮೊದಲು ನೆಲದ ಲೆಕ್ಕ. ಕುಮಾರಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್. ಇದು ಹಿಮಾಲಯವಲ್ಲ, ಊಟಿಗಿಂತಲೂ ತಗ್ಗು ಎಂದು ಈ ಅಂಕಿ ಕೇಳಿದವರು ಮೂಗು ಮುರಿಯುವುದುಂಟು. ಆದರೆ ಬೆಟ್ಟ ಎಷ್ಟು ಎತ್ತರ ಎಂಬುದು ಕಾಲಿಗೆ ಗೊತ್ತಾಗುವುದಿಲ್ಲ, ಎಲ್ಲಿಂದ ಹೊರಟೆವು ಎಂಬುದು ಗೊತ್ತಾಗುತ್ತದೆ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಹೆಚ್ಚುಕಡಿಮೆ 120 ಮೀಟರ್ ಎತ್ತರದಲ್ಲಿ. ಅಲ್ಲಿಂದ ತುದಿಗೆ ಸುಮಾರು 13 ಕಿಲೋಮೀಟರ್ ನಡಿಗೆ, 1,600 ಮೀಟರ್ ಏರು. ಹಿಮಾಲಯದ ಹೆಸರಾಂತ ಚಾರಣಗಳಲ್ಲೂ ಒಂದೇ ದಿನಕ್ಕೆ ಇಷ್ಟು ಏರನ್ನು ಇಟ್ಟುಕೊಳ್ಳುವುದು ಅಪರೂಪ. ನಮ್ಮ ಕಡೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೊಸೂರು, ಬಾಗಲೂರುಗಳು ಪ್ರಸ್ಥಭೂಮಿಯ ಮೇಲಿನ ಊರುಗಳು, ಸುಮಾರು 900 ಮೀಟರ್ ಎತ್ತರದಲ್ಲಿವೆ. ಗಿರಿಗದ್ದೆಯ ಭಟ್ಟರ ಮನೆಯೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದೆ. ಎಂದರೆ ಬಾಗಲೂರಿನವರು ಶನಿವಾರ ಬೆಳಗಿನಿಂದ ಬೆವರು ಸುರಿಸಿ ಭಟ್ಟರ ಮನೆ ಮುಟ್ಟಿದಾಗ, ಹಿಂದಿನ ರಾತ್ರಿ ಘಟ್ಟದಲ್ಲಿ ಇಳಿದುಹೋದ ಎತ್ತರವನ್ನು ಮರಳಿ ಗಳಿಸಿರುತ್ತಾರೆ, ಅಷ್ಟೇ. ಬೆಟ್ಟ ಅಲ್ಲಿಂದಾಚೆಗೆ ಇನ್ನೂ ಅಷ್ಟೇ ಉಳಿದಿರುತ್ತದೆ.

ದಾರಿಯನ್ನು ಬಲ್ಲವರಿಗೆ ಅದರ ಎರಡು ಭಾಗಗಳ ಗುಣ ಗೊತ್ತು. ಕುಕ್ಕೆಯ ಪಕ್ಕದ ದೇವರಗದ್ದೆಯಿಂದ ಹೊರಟು ಭೀಮನ ಕಲ್ಲು ದಾಟಿ ಗಿರಿಗದ್ದೆಯವರೆಗಿನ ಸುಮಾರು 6 ಕಿಲೋಮೀಟರ್ ದಟ್ಟ ಕಾಡು. ಕಲ್ಲು, ಬೇರು, ನೆರಳು, ಮಳೆ ಬಿದ್ದಿದ್ದರೆ ಜಿಗಣೆ. ಬಿಸಿಲು ತಾಗದಿದ್ದರೂ ಗಾಳಿಯಾಡದ ಸೆಕೆ ಜೀವ ಹಿಂಡುತ್ತದೆ. ಭಟ್ಟರ ಮನೆ ದಾಟಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಬಿಟ್ಟ ಮೇಲೆ ದಾರಿಯ ಸ್ವಭಾವವೇ ಬೇರೆ. ಬೋಳು ಹುಲ್ಲುಗಾವಲು, ತಲೆಯ ಮೇಲೆ ನೇರ ಬಿಸಿಲು, ಒಂದು ಗುಡ್ಡ ಮುಗಿಯಿತು ಎನ್ನುವಷ್ಟರಲ್ಲಿ ಎದುರಿಗೆ ಇನ್ನೊಂದು. ಕಲ್ಲುಮಂಟಪದ ಆಚೆ ಶೇಷಪರ್ವತಕ್ಕೆ ಹತ್ತುವ ಹೊತ್ತಿಗೆ ನೀರಿನ ಬಾಟಲಿ ಹಗುರಾಗಿರುತ್ತದೆ. ಶೇಷಪರ್ವತ ಮುಟ್ಟಿದವರು ತುದಿಗೆ ಬಂದೆವು ಎಂದುಕೊಳ್ಳುತ್ತಾರೆ, ಆದರೆ ಅಲ್ಲಿಂದ ಮತ್ತೆ ಒಂದು ಕಾಡಿನ ತಗ್ಗಿಗೆ ಇಳಿದು, ನುಣುಪು ಬಂಡೆ ಹತ್ತಿ ಹೋಗಬೇಕು. ಹೋಗುವಾಗ ಇಳಿದ ತಗ್ಗನ್ನು ಬರುವಾಗ ಹತ್ತಲೇಬೇಕು. ದಣಿದು ಹಿಂತಿರುಗುತ್ತಿರುವವರ ಮುಂದೆ ಹೀಗೆ ಮತ್ತೊಂದು ಏರನ್ನು ತಂದಿಡುವ ಬೆಟ್ಟ ಇದು.

ಈ ನಡಿಗೆಗೆ ಎಷ್ಟು ಹೊತ್ತು ಬೇಕು? ಊಹೆ ಬೇಡ, ಇದಕ್ಕೆ ಹಳೆಯ ಸೂತ್ರಗಳಿವೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಎಲ್ಲಕ್ಕಿಂತ ಪ್ರಸಿದ್ಧ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಂತೆ ಕುಕ್ಕೆಯಿಂದ ತುದಿಗೆ ಐದೂಕಾಲು ಗಂಟೆ. ಆದರೆ ಅದು ತಂಪು ನಾಡಿನ ಗಟ್ಟಿಗರ, ಎಲ್ಲೂ ನಿಲ್ಲದ ನಡಿಗೆಯ ಲೆಕ್ಕ. ಯುರೋಪಿನ ಆಲ್ಪ್ಸ್ ಸೀಮೆಯಲ್ಲಿ ದಾರಿಫಲಕಗಳ ಮೇಲೆ ಸಮಯ ಬರೆಯಲು ಬಳಸುವ ಸೂತ್ರ ಸಾಮಾನ್ಯ ಜನರಿಗೆ ಇನ್ನೂ ಹತ್ತಿರದ್ದು: ಗಂಟೆಗೆ 300 ಮೀಟರ್ ಏರು, 500 ಮೀಟರ್ ಇಳಿತ, ಸಮತಟ್ಟಿನಲ್ಲಿ ನಾಲ್ಕು ಕಿಲೋಮೀಟರ್. ಏರಿಳಿತದ ಹೊತ್ತು, ನಡಿಗೆಯ ಹೊತ್ತು ಎರಡನ್ನೂ ಬೇರೆಬೇರೆ ಎಣಿಸಿ, ಹೆಚ್ಚಿರುವುದಕ್ಕೆ ಕಡಿಮೆಯಿರುವುದರ ಅರ್ಧ ಸೇರಿಸಬೇಕು. ಕುಮಾರಪರ್ವತಕ್ಕೆ ಹಚ್ಚಿ ನೋಡಿ. ಹತ್ತಲು ಸುಮಾರು ಏಳು ಗಂಟೆ, ಇಳಿಯಲು ಸುಮಾರು ಐದು ಗಂಟೆ, ಒಟ್ಟು 12 ಗಂಟೆ. ಊಟ, ನೀರು, ಫೋಟೊ, ಹಿಂದುಳಿದವರಿಗಾಗಿ ಕಾಯುವುದು ಯಾವುದೂ ಇದರಲ್ಲಿ ಸೇರಿಲ್ಲ. ಡಿಸೆಂಬರ್ ತಿಂಗಳಲ್ಲಿ ಕುಕ್ಕೆಯಲ್ಲಿ ಸೂರ್ಯ ಹುಟ್ಟಿ ಮುಳುಗುವುದರ ನಡುವೆ ಸಿಗುವುದು ಹೆಚ್ಚೆಂದರೆ ಹನ್ನೊಂದೂವರೆ ಗಂಟೆ ಹಗಲು. ಕಾಡಿನೊಳಗೆ ಕತ್ತಲೆ ಅದಕ್ಕಿಂತ ಮೊದಲೇ ಇಳಿಯುತ್ತದೆ. ಅದೇ ಸೂತ್ರವನ್ನು ಭಟ್ಟರ ಮನೆಯವರೆಗೆ ಹಚ್ಚಿದರೆ ಹತ್ತಲು ಮೂರೂವರೆ ಗಂಟೆಯೊಳಗೆ, ಇಳಿಯಲು ಎರಡೂಕಾಲು ಗಂಟೆ. ಒಂದು ಗಂಟೆ ಊಟ, ಇನ್ನೊಂದು ಗಂಟೆ ಸುಮ್ಮನೆ ಕೂರಲು ಇಟ್ಟರೂ ಬೆಳಗ್ಗೆ ಏಳಕ್ಕೆ ಹೊರಟವರು ಮೂರು ಗಂಟೆಯೊಳಗೆ ದೇವರಗದ್ದೆಯಲ್ಲಿರುತ್ತಾರೆ. ಒಂದು ಯೋಜನೆ ಹಗಲಿಗೆ ಹಿಡಿಸುತ್ತದೆ, ಇನ್ನೊಂದು ಹಿಡಿಸುವುದಿಲ್ಲ.

ಕಾಗದದ ಮೇಲಿನ ಈ ಲೆಕ್ಕ ಒಳ್ಳೆಯ ನಿದ್ದೆ ಮಾಡಿ ಎದ್ದವರಿಗೆ ಅನ್ವಯಿಸುವಂಥದ್ದು. ನಮ್ಮ ಗುಂಪುಗಳು ಹೊರಡುವುದು ನಿದ್ದೆಗೆಟ್ಟು. ಬಾಗಲೂರಿನಿಂದ ಕುಕ್ಕೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಘಟ್ಟದ ತಿರುವುಗಳಲ್ಲಿ ಕುಳಿತಲ್ಲೇ ತೂಕಡಿಸುವುದನ್ನು ನಿದ್ದೆ ಎನ್ನಲಾಗದು. ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ 0.03. ಕುಡಿದವರನ್ನು ಶೇಷಪರ್ವತದ ಅಂಚಿನಲ್ಲಿ ನಡೆಸಲು ಯಾವ ಗುಂಪಿನ ಮುಖ್ಯಸ್ಥರೂ ಒಪ್ಪಲಾರರು. ನಿದ್ದೆಗೆಟ್ಟು ನಡೆಯುವುದು ಮಾತ್ರ ಹುಮ್ಮಸ್ಸಿನ ಗುರುತಾಗಿಬಿಡುತ್ತದೆ. ಇದರ ಜೊತೆಗೆ ಹವೆ. ನಮ್ಮದು ಒಣ ಹವೆಯ ತಂಪು ಊರು, ಬೆವರು ಬಂದಷ್ಟೇ ಬೇಗ ಆರುತ್ತದೆ. ಘಟ್ಟದ ಬುಡದ ತೇವದ ಹವೆಯಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ಇಂಥ ಸೆಕೆಗೆ ಶರೀರ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಕರಾವಳಿಯ ಹುಡುಗರು ಲೀಲಾಜಾಲವಾಗಿ ಹತ್ತಿದರು ಎಂದು ಅವರ ವೇಗಕ್ಕೆ ನಮ್ಮ ಗಡಿಯಾರ ಇಡುವುದು ಇದೇ ಕಾರಣಕ್ಕೆ ಅಪಾಯ. ನೀರಷ್ಟೇ ಕುಡಿಯುತ್ತ ಹೋದರೂ ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಒಳಗೆ ಸೇರಬೇಕು. ಭಟ್ಟರ ಮನೆಯ ಮಜ್ಜಿಗೆ, ಉಪ್ಪಿನಕಾಯಿ ಮಾಡುವ ಕೆಲಸ ಅದೇ.

ಹತ್ತುವುದಕ್ಕಿಂತ ಇಳಿಯುವುದು ಸುಲಭ ಎಂಬ ನಂಬಿಕೆಯನ್ನೂ ಇಲ್ಲೇ ವಿಚಾರಿಸೋಣ. ಉಸಿರಿಗೆ ಅದು ಸುಲಭ, ನಿಜ. ತೊಡೆಗೆ ಅಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗಬೇಕು, ಅದರ ಎಳೆಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಆಗಲೇ. ನಾಲ್ಕು ಗಂಟೆಯ ಇಳಿಜಾರಿನ ನಂತರ ನಿಂತ ಕಾಲು ತಾನಾಗಿ ನಡುಗತೊಡಗುವುದು ಇದರಿಂದ. ಆ ನಡುಗುವ ಕಾಲಿಗೆ ಕುಕ್ಕೆಯ ದಾರಿ ಕೊನೆಗೆ ಎತ್ತಿಟ್ಟಿರುವುದು ಏನು? ಬೇರು, ಉರುಳುಗಲ್ಲು, ಒದ್ದೆ ಎಲೆ ತುಂಬಿದ ಅದೇ ಆರು ಕಿಲೋಮೀಟರ್ ಕಾಡು, ಅದೂ ಮುಸ್ಸಂಜೆಯಲ್ಲಿ, ಮೊಬೈಲಿನ ಟಾರ್ಚ್ ಬೆಳಕಿನಲ್ಲಿ. ಗುಂಪು ಚದುರುವುದೂ ಆ ಹೊತ್ತಿನಲ್ಲೇ. ಗಟ್ಟಿಗರು ಗಾಡಿಯ ಹತ್ತಿರ ಕಾಯುತ್ತೇವೆ ಎಂದು ಮುಂದೆ ಹೋಗಿರುತ್ತಾರೆ, ಮಂಡಿ ಹಿಡಿದವರು ಹಿಂದೆ ಉಳಿದಿರುತ್ತಾರೆ, ನಡುವಿನವರಿಗೆ ಮುಂದಿನವರೂ ಕಾಣುವುದಿಲ್ಲ, ಹಿಂದಿನವರೂ ಕೇಳಿಸುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಬ್ಬ ಯುವಕ ಇದೇ ಬೆಟ್ಟದಲ್ಲಿ ಜೊತೆಯವರಿಂದ ಬೇರ್ಪಟ್ಟು, ಎರಡು ದಿನ ಕಾಡಿನಲ್ಲಿ ಅಲೆದು, ಕೊನೆಗೆ ಸಿಕ್ಕಿದ ನೀರಿನ ಪೈಪಿನ ಜಾಡು ಹಿಡಿದು ಕುಕ್ಕೆ ಸೇರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅವನ ಸಮಾಧಾನದ ಬುದ್ಧಿ ಮೆಚ್ಚಬೇಕಾದದ್ದೇ. ಪೈಪ್ ಕಣ್ಣಿಗೆ ಬಿದ್ದದ್ದು ಅದೃಷ್ಟ. ಅದೃಷ್ಟವನ್ನು ಯೋಜನೆಯಲ್ಲಿ ಬರೆದುಕೊಳ್ಳಲಾಗುವುದಿಲ್ಲ.

ಅಪಾಯ ದೇವರಗದ್ದೆಯಲ್ಲಿ ಮುಗಿಯುವುದೂ ಇಲ್ಲ. ಅಲ್ಲಿಂದ ಮತ್ತೆ ಘಟ್ಟ ಹತ್ತಿ, ಹಾಸನದ ಹೆದ್ದಾರಿ ಹಿಡಿದು ರಾತ್ರಿಯಿಡೀ ಪ್ರಯಾಣ. ಬಾಡಿಗೆ ಗಾಡಿಯ ಡ್ರೈವರ್ ಹಗಲೆಲ್ಲ ಕುಕ್ಕೆಯ ಪಾರ್ಕಿಂಗ್‌ನಲ್ಲಿ, ಕಾದ ತಗಡಿನ ಕೆಳಗೆ ನಿದ್ದೆ ಮಾಡಲು ನೋಡಿರುತ್ತಾನೆ. ಸ್ವಂತ ಕಾರಿನಲ್ಲಿ ಬಂದವರಾದರೆ ಬೆಟ್ಟ ಹತ್ತಿಳಿದವರೇ ಸ್ಟೇರಿಂಗ್ ಹಿಡಿಯುತ್ತಾರೆ. ಎರಡು ರಾತ್ರಿ ಮಲಗದವರು, 26 ಕಿಲೋಮೀಟರ್ ನಡೆದವರು. ಚಾರಣದ ಗುಂಪುಗಳು ಹೊರಡಿಸುವ ಸೂಚನೆಗಳಲ್ಲಿ ಶೂ, ಜಿಗಣೆಗೆ ಉಪ್ಪು, ಒಆರ್‌ಎಸ್ ಪೊಟ್ಟಣದ ಬಗ್ಗೆ ಸಾಲುಗಟ್ಟಲೆ ಇರುತ್ತದೆ, ಹಿಂತಿರುಗುವಾಗ ಗಾಡಿ ಓಡಿಸುವವರು ಎಷ್ಟು ಗಂಟೆ ಮಲಗಿರಬೇಕು ಎಂಬ ಸಾಲು ಇರುವುದಿಲ್ಲ. ಇಡೀ ಪ್ರವಾಸದಲ್ಲಿ ಎಲ್ಲಕ್ಕಿಂತ ಅಪಾಯದ ತಾಸುಗಳು ಶೇಷಪರ್ವತದ ಮೇಲಿನವಲ್ಲ, ಭಾನುವಾರ ಬೆಳಗಿನ ಜಾವದ ಹೆದ್ದಾರಿಯವು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಟ್ಟದ ಮನೆಯನ್ನೇ ದಿನದ ಗುರಿಯಾಗಿಟ್ಟುಕೊಳ್ಳುವುದು ಸೋತವರ ಸಮಾಧಾನ ಎಂದು ಅನಿಸುವವರು ಆಲ್ಪ್ಸ್ ಪರ್ವತಗಳ ಕಡೆ ಒಮ್ಮೆ ನೋಡಬೇಕು. ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ ಹುಟ್ಟಿದ್ದು 1863ರಲ್ಲಿ. ಅದೇ ವರ್ಷ ಟೋಡಿ ಪರ್ವತದ ಮೈಮೇಲೆ ತನ್ನ ಮೊದಲ ತಂಗುಮನೆಯನ್ನು ಅದು ಕಟ್ಟಿತು. ಇವತ್ತು ಅದರ ಅಡಿಯಲ್ಲಿ ನೂರೈವತ್ತರಷ್ಟು ಇಂಥ ಮನೆಗಳಿವೆ. ಇಟಲಿಯ ಗಡಿಯಲ್ಲಿ 4,554 ಮೀಟರ್ ಎತ್ತರದಲ್ಲಿರುವ ಮಾರ್ಗರಿಟಾ ತಂಗುಮನೆಯನ್ನು 1893ರಲ್ಲಿ ಉದ್ಘಾಟಿಸಲು ಆ ದೇಶದ ರಾಣಿಯೇ ಹತ್ತಿ ಹೋಗಿದ್ದಳು. ಅಲ್ಲಿನ ಸಾಮಾನ್ಯ ಜನ ಬೆಳಗ್ಗೆ ಕಣಿವೆಯಿಂದ ಹೊರಟು ಸಾವಿರ ಮೀಟರ್ ಏರಿ, ತಂಗುಮನೆಯಲ್ಲಿ ಒಂದು ಬಟ್ಟಲು ಸೂಪ್ ಕುಡಿದು, ಸಂಜೆ ಇಳಿದು ಮನೆಗೆ ಹೋಗುತ್ತಾರೆ. ಯಾವ ಶಿಖರಕ್ಕೆ ಹೋದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಶಿಖರಕ್ಕೆ ಹೋಗುವವರು ಆ ಮನೆಯಲ್ಲಿ ರಾತ್ರಿ ಮಲಗಿ, ನಸುಕಿಗೆ ಮುಂಚೆ ಎದ್ದು ಹೋಗುತ್ತಾರೆ. ಮನೆಯವರೆಗಿನದು ಒಂದು ದಿನ, ಶಿಖರದ್ದು ಇನ್ನೊಂದು ದಿನ. ನೂರೈವತ್ತು ವರ್ಷ ಬೆಟ್ಟ ಹತ್ತಿದ ಸಮಾಜ ಈ ಎರಡು ದಿನಗಳನ್ನು ಬೇರೆಬೇರೆ ಇಟ್ಟಿರುವುದು ಸೋಮಾರಿತನದಿಂದಲ್ಲ.

ನಮ್ಮ ಗಿರಿಗದ್ದೆಯ ಮನೆ ಕ್ಲಬ್ ಕಟ್ಟಿದ್ದಲ್ಲ, ಸರ್ಕಾರ ಕಟ್ಟಿದ್ದೂ ಅಲ್ಲ. ಕಾಡಿನ ನಡುವೆ ಅಡಿಕೆ ಬೆಳೆದುಕೊಂಡು ಬದುಕಿದ ಒಂದು ಕುಟುಂಬದ ಮನೆ. ದಶಕಗಳಿಂದ ಹತ್ತಿ ಬಂದವರಿಗೆಲ್ಲ ಅಲ್ಲಿ ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ ಬಡಿಸಿದ್ದಾರೆ. ಮನೆಗೆ ರಸ್ತೆಯಿಲ್ಲ. ತಟ್ಟೆಗೆ ಬಿದ್ದ ಅಕ್ಕಿ, ಬೇಳೆ, ಉಪ್ಪು ಎಲ್ಲವೂ ನೀವು ಏದುಸಿರು ಬಿಡುತ್ತ ಬಂದ ಅದೇ ದಾರಿಯಲ್ಲಿ ಯಾರದೋ ಹೆಗಲ ಮೇಲೆ ಬಂದಿರುತ್ತದೆ. ಅದು ಗೊತ್ತಿದ್ದರೆ ತಟ್ಟೆಯಲ್ಲಿ ಅನ್ನ ಬಿಡಲು ಮನಸ್ಸು ಬಾರದು. ಒಂದೇ ದಿನದಲ್ಲಿ ತುದಿ ಮುಟ್ಟಿ ಬರುವ ಆತುರದವರು ಈ ಮನೆಯಲ್ಲಿ ಮಾಡುವುದೇನು? ಹೋಗುವಾಗ ಮಧ್ಯಾಹ್ನಕ್ಕೆ ಇಷ್ಟು ಊಟ ಎಂದು ಹೇಳಿ ಓಡುತ್ತಾರೆ, ಮಧ್ಯಾಹ್ನ ಹೋಗಿ ಸಂಜೆ ಬಂದು ಗಬಗಬ ಉಂಡು ಇಳಿಯುತ್ತಾರೆ, ಕೆಲವರು ಹೇಳಿದ ಊಟವನ್ನೂ ಬಿಟ್ಟು ಇಳಿದುಬಿಡುತ್ತಾರೆ. ಇನ್ನೂರು ಜನ ಹೀಗೆ ಮಾಡಿದರೆ ಅಡುಗೆ ಒಲೆಯ ಮುಂದೆ ಕುಳಿತವರ ಗತಿ ಏನಾಗಬೇಕು, ಯೋಚಿಸಿ. ಜಗಲಿಯಲ್ಲಿ ಬೂಟು ಬಿಚ್ಚಿ ಕುಳಿತು, ಎದುರಿನ ಗುಡ್ಡಸಾಲಿನ ಮೇಲೆ ಮೋಡದ ನೆರಳು ಹರಿಯುವುದನ್ನು ಅರ್ಧ ಗಂಟೆ ನೋಡಲು ಪುರುಸೊತ್ತಿಲ್ಲದ ಮೇಲೆ ಅಷ್ಟು ದೂರದಿಂದ ಬಂದದ್ದಾದರೂ ಯಾತಕ್ಕೆ?

ಇನ್ನು ನಿಮ್ಮ ಆಕ್ಷೇಪಗಳು. ಸಾವಿರಾರು ಜನ ಒಂದೇ ದಿನದಲ್ಲಿ ಹತ್ತಿಳಿದಿದ್ದಾರಲ್ಲ ಎಂಬುದು ಮೊದಲನೆಯದು. ನಿಜ, ಇಳಿದಿದ್ದಾರೆ. ದಿನಾ ಓಡುವವರಿಗೆ, ವರ್ಷವಿಡೀ ಬೆಟ್ಟ ಹತ್ತುವವರಿಗೆ ಅದು ಅಸಾಧ್ಯವೇನಲ್ಲ. ಆದರೆ ತುದಿಯ ಫೋಟೊ ಎಲ್ಲರಿಗೂ ತಲುಪುತ್ತದೆ, ರಾತ್ರಿ ಹತ್ತು ಗಂಟೆಗೆ ಇಬ್ಬರ ಹೆಗಲು ಹಿಡಿದು ಇಳಿದವರ ಫೋಟೊವನ್ನು ಯಾರೂ ಹಂಚುವುದಿಲ್ಲ. ಗೆದ್ದವರ ಮಾತನ್ನಷ್ಟೇ ಕೇಳಿ ಹಾಕಿದ ಲೆಕ್ಕ ಲೆಕ್ಕವಲ್ಲ. ಮೇಲಾಗಿ ಗುಂಪಿನ ವೇಗ ಎಂದರೆ ಅದರ ಅತಿ ನಿಧಾನದವರ ವೇಗ. ಇಪ್ಪತ್ತು ಮಂದಿಯ ಗುಂಪಿನಲ್ಲಿ ಹದಿನೈದು ಜನ ಗಟ್ಟಿಗರಿದ್ದರೆ ಉಳಿದ ಐವರ ಕಾಲಿನಂತೆಯೇ ದಿನ ಸಾಗಬೇಕು. ಅದಾಗದಿದ್ದರೆ ಗುಂಪು ಒಡೆದಿದೆ ಎಂದರ್ಥ.

ನಾವು ಎಂಟು ಗಂಟೆ ಮೆಷಿನ್ ಮುಂದೆ ನಿಂತು ಕೆಲಸ ಮಾಡುವವರು, ನಮ್ಮ ಕಾಲು ಗಟ್ಟಿ ಎನ್ನುವವರಿದ್ದಾರೆ. ನಿಲ್ಲುವ ಕಾಲಿಗೂ ಇಳಿಯುವ ಕಾಲಿಗೂ ಬೇಕಾದ ಪಳಗಿಕೆ ಬೇರೆಬೇರೆ. ಇಳಿಜಾರಿನ ಪೆಟ್ಟು ಬಿದ್ದ ಸ್ನಾಯುವಿನ ನೋವು ಆಗಲೇ ತಿಳಿಯುವುದಿಲ್ಲ, ಒಂದರಿಂದ ಮೂರು ದಿನದೊಳಗೆ ತನ್ನ ತುತ್ತತುದಿ ಮುಟ್ಟುತ್ತದೆ. ಶನಿವಾರ ಇಳಿದವರಿಗೆ ಅದು ಸೋಮವಾರದ ಮೊದಲ ಶಿಫ್ಟ್. ಪ್ರೆಸ್ ಮುಂದೆ ನಿಂತು ಕೈ ಓಡಿಸುವವರು ಆ ಹೊತ್ತು ತಮ್ಮ ಮಂಡಿಯನ್ನು ನಂಬುವಂತಿರಬೇಕು. ದುಡ್ಡು ಕಟ್ಟಿ ಅನುಮತಿ ಪಡೆದಿದ್ದೇವೆ, ತುದಿ ಮುಟ್ಟದಿದ್ದರೆ ದುಡ್ಡು ದಂಡ ಎಂಬ ವಾದಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಕೊಟ್ಟ ದುಡ್ಡು ಹತ್ತಿದರೂ ಹೋಯಿತು, ಹತ್ತದಿದ್ದರೂ ಹೋಯಿತು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ನಮಗೆ ರಜೆಯಿಲ್ಲ, ಎರಡು ದಿನದ ಚಾರಣಕ್ಕೆ ಬಿಡುವೆಲ್ಲಿದೆ, ತುದಿಯ ಮೇಲೆ ರಾತ್ರಿ ತಂಗಲು ಅರಣ್ಯ ಇಲಾಖೆಯೂ ಬಿಡುವುದಿಲ್ಲವಲ್ಲ? ಇದು ಸರಿಯಾದ ಮಾತು. ಆಲ್ಪ್ಸ್‌ನಂತೆ ಮನೆಯಲ್ಲಿ ಮಲಗಿ ಮರುದಿನ ಶಿಖರಕ್ಕೆ ಹೋಗಿ ಎಂದು ನಾನೂ ಹೇಳುತ್ತಿಲ್ಲ. ಕುಮಾರಪರ್ವತದ ಈ ಕಾಡು ಪುಷ್ಪಗಿರಿ ವನ್ಯಜೀವಿಧಾಮ, 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಒಂದು. ಅಲ್ಲಿ ರಾತ್ರಿ ಟೆಂಟುಗಳ ಸಾಲು ಬೇಡ ಎಂಬುದು ನ್ಯಾಯವೇ. ನಾನು ಹೇಳುವುದು ಇರುವ ಎರಡು ದಿನವನ್ನೇ ತಿರುವಿ ಹಾಕಿ ಎಂದು. ಶುಕ್ರವಾರ ರಾತ್ರಿ ಮನೆಯಲ್ಲಿ ಮಲಗಿ. ಶನಿವಾರ ಹಗಲು ಪ್ರಯಾಣ ಮಾಡಿ, ಸಂಜೆ ಕುಮಾರಧಾರೆಯಲ್ಲಿ ಮಿಂದು, ದೇವರ ದರ್ಶನ ಮಾಡಿ, ಕುಕ್ಕೆಯ ಯಾವುದಾದರೂ ವಸತಿಯಲ್ಲಿ ನಿದ್ದೆ ಮಾಡಿ. ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟು ಭಟ್ಟರ ಮನೆಯಲ್ಲಿ ಉಂಡು, ಮೂರು ಗಂಟೆಗೆ ಗಾಡಿ ಹತ್ತಿದರೆ ನಡುರಾತ್ರಿಗೆ ಮುಂಚೆ ಬಾಗಲೂರು. ರಜೆ ಅಷ್ಟೇ, ಗಾಡಿಯ ಖರ್ಚು ಅಷ್ಟೇ. ಹೆಚ್ಚಿಗೆ ಆಗುವುದು ಒಂದು ರೂಮಿನ ಬಾಡಿಗೆ, ಸಿಗುವುದು ಎರಡು ರಾತ್ರಿಯ ನಿದ್ದೆ. ಶನಿವಾರವೂ ಡ್ಯೂಟಿ ಇರುವವರು ಎರಡನೇ ಶನಿವಾರಕ್ಕೋ ಹಬ್ಬದ ರಜೆಗೋ ಕಾಯಬೇಕಾಗುತ್ತದೆ. ಕಾಯಬಹುದು.

ತುದಿ ಮುಟ್ಟಲೇಬೇಕು ಎನ್ನುವವರನ್ನೂ ನಾನು ಅಲ್ಲಗಳೆಯುವುದಿಲ್ಲ. ನಮ್ಮ ತಮಿಳು ಗೆಳೆಯರಲ್ಲಿ ಅನೇಕರಿಗೆ ಅದು ಮುರುಗನ ಬೆಟ್ಟ. ಕನ್ನಡದವರಿಗೆ ಸುಬ್ರಹ್ಮಣ್ಯ, ಅವರಿಗೆ ಮುರುಗ, ಹರಕೆ ಮಾತ್ರ ಒಂದೇ. ಹಾಗಿದ್ದವರು ಕೊಡಗಿನ ಕಡೆಯಿಂದ, ಸೋಮವಾರಪೇಟೆ ದಾಟಿ ಬೀದಳ್ಳಿಯ ದಾರಿಯಿಂದ ಹತ್ತಿ. ಆ ಕಡೆ ತುದಿಗೆ ಸುಮಾರು ಏಳು ಕಿಲೋಮೀಟರ್, ನೆಲವೇ ಸಾವಿರ ಮೀಟರಿನ ಆಸುಪಾಸಿನಲ್ಲಿರುವುದರಿಂದ ಏರು ಕುಕ್ಕೆಯ ದಾರಿಯ ಅರ್ಧವೂ ಇಲ್ಲ. ಹಗಲಿನೊಳಗೆ ಆರಾಮವಾಗಿ ಮುಗಿಯುತ್ತದೆ. ಅದನ್ನು ಕಳ್ಳದಾರಿ ಎಂದು ಹಂಗಿಸುವ ಶೂರರು ಪ್ರತಿ ಗುಂಪಿನಲ್ಲೂ ಒಬ್ಬಿಬ್ಬರಿರುತ್ತಾರೆ, ಅವರಿಗೆ ಉತ್ತರ ಕೊಡಬೇಕಾಗಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ, ನಿಯಮ ಮಾಡಬೇಕಾದವರು ಸರ್ಕಾರದವರು, ಅವರೇ ತುದಿಗೆ ಅನುಮತಿ ಕೊಡುತ್ತಾರಲ್ಲ ಎಂದು. ಅನುಮತಿ ಎಂದರೆ ಕಾಡು ಇಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂಬ ಮಾತು, ನಿಮ್ಮ ಮಂಡಿ ತಾಳಿಕೊಳ್ಳುತ್ತದೆ ಎಂಬ ಭರವಸೆಯಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೇ ಕುಮಾರಪರ್ವತಕ್ಕೆ ನುಗ್ಗಿ, ಚೆಕ್‌ಪೋಸ್ಟಿನ ಮುಂದೆ ಜಾತ್ರೆಯಂತೆ ನಿಂತ ದೃಶ್ಯ ದೇಶವೆಲ್ಲ ಹರಡಿತು. ಆಮೇಲೆ ಕರ್ನಾಟಕ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿತು. ನಮ್ಮ ತಮಿಳುನಾಡಿಗೆ ಪಾಠವಾದದ್ದು ಇದಕ್ಕಿಂತ ಘೋರವಾಗಿ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣದಿಂದ ಇಳಿಯುತ್ತಿದ್ದವರನ್ನು ಕಾಡ್ಗಿಚ್ಚು ಸುತ್ತುವರಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲೂ ವಾರಾಂತ್ಯದ ಗುಂಪು, ಬೇಸಿಗೆಯ ಒಣಹುಲ್ಲು, ಇಳಿಯುವ ಹೊತ್ತು. ಆ ನಂತರವೇ ಇಲ್ಲಿ ಬಿಗಿ ನಿಯಮಗಳು ಬಂದವು. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಅರಣ್ಯ ಇಲಾಖೆ 40 ಚಾರಣ ದಾರಿಗಳನ್ನು ಗೊತ್ತುಮಾಡಿ, ಸ್ಥಳೀಯ ಹಳ್ಳಿಗಳವರನ್ನೇ ತರಬೇತಿ ಕೊಟ್ಟು ಮಾರ್ಗದರ್ಶಕರನ್ನಾಗಿ ಮಾಡಿ ತೆರೆಯಿತು. ನಿಯಮಗಳು ಹೀಗೆ ಒಂದೊಂದು ಅವಘಡದ ಹಿಂದೆ ಬರುತ್ತವೆ. ಬುದ್ಧಿ ಮುಂಚೆ ಬಂದರೆ ಯಾರ ಅಭ್ಯಂತರವೂ ಇಲ್ಲ.

ಆ ನಲವತ್ತರಲ್ಲಿ ನಮ್ಮ ಕೃಷ್ಣಗಿರಿ ಜಿಲ್ಲೆಯ ಗುತ್ತಿರಾಯನ್ ಶಿಖರವೂ ಅಯ್ಯೂರಿನ ಸಾಮಿಯೇರಿ ದಾರಿಯೂ ಇವೆ. ಡೆಂಕಣಿಕೋಟೆಯ ಆಚೆ, ಆನೆಗಳ ಮೇಲಗಿರಿ ಕಾಡು. ರಾತ್ರಿ ಪ್ರಯಾಣವಿಲ್ಲದೆ ಹೋಗಿಬರಬಹುದು. ಅದಕ್ಕೂ ಮುಂಚೆ ಹತ್ತಿನೋಡಲು, 1791ರಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ವಶವಾದ ರಾಯಕೋಟೆಯ ಬೆಟ್ಟ ಇದೆ, ಹೊಸೂರಿನಿಂದ ಒಂದು ಗಂಟೆಯೊಳಗಿನ ದಾರಿ. ಒಂದು ಭಾನುವಾರ ಬೆಳಗ್ಗೆ ಗುಂಪನ್ನು ಅಲ್ಲಿಗೆ ಕರೆದೊಯ್ದು ಎರಡು ಮೂರು ಸಲ ಹತ್ತಿಸಿ ಇಳಿಸಿ. ಯಾರ ಮಂಡಿ ಹೇಗಿದೆ, ಯಾರು ನೀರು ಕುಡಿಯಲು ಮರೆಯುತ್ತಾರೆ, ಯಾರು ಸುಸ್ತಾದರೂ ಬಾಯಿ ಬಿಡುವುದಿಲ್ಲ ಎಂಬುದೆಲ್ಲ ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ. ಕುಕ್ಕೆಯ ಪಟ್ಟಿಗೆ ಹೆಸರು ಬರೆಯುವುದು ಆಮೇಲೆ ಆಗಲಿ.

ಗುಂಪು ಹೊರಡಿಸುವವರಲ್ಲಿ ಕೊನೆಯದಾಗಿ ಕೇಳುವುದಿಷ್ಟು. ಮುಂದಿನ ಪ್ರಕಟಣೆಯಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ಏರಿನ ಮೀಟರನ್ನೂ ಗಂಟೆಗಳನ್ನೂ ಬರೆಯಿರಿ. ಭಟ್ಟರ ಮನೆಯಿಂದ ಎಲ್ಲರೂ ಒಟ್ಟಿಗೆ ತಿರುಗುವ ಹೊತ್ತನ್ನು ದಪ್ಪ ಅಕ್ಷರದಲ್ಲಿ ಹಾಕಿ, ಅಲ್ಲಿ ಹೋದ ಮೇಲೆ ಅದನ್ನು ಚೌಕಾಸಿಗೆ ಬಿಡಬೇಡಿ. ಗಾಡಿ ಓಡಿಸುವವರ ನಿದ್ದೆಗೂ ಒಂದು ಸಾಲು ಇರಲಿ. ನಮ್ಮಲ್ಲಿ ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ತಮಿಳು ಕಲಿತು, ಕನ್ನಡ ಅಕ್ಷರ ಓದಲಾಗದ ಹುಡುಗರು ಬಹಳ. ಕುಕ್ಕೆಯ ಕಾಡಿನ ಕನ್ನಡ ಎಚ್ಚರಿಕೆ ಫಲಕಗಳು ಅವರಿಗೆ ಬರೀ ಚಿತ್ತಾರ. ಆದ್ದರಿಂದ ಪ್ರಕಟಣೆಯನ್ನು ಎರಡು ಭಾಷೆಯಲ್ಲೂ ಹಾಕಿ, ಮತ್ತು ಸಾಲಿನ ಮುಂದೊಬ್ಬರು, ಹಿಂದೊಬ್ಬರು ಕನ್ನಡ ಓದಬಲ್ಲವರು ಇರುವಂತೆ ನೋಡಿಕೊಳ್ಳಿ. ದಾರಿ ಯಾವಾಗ ತೆರೆದಿರುತ್ತದೆ, ಯಾವಾಗ ಮುಚ್ಚಿರುತ್ತದೆ ಎಂಬುದು ಮಳೆಗೂ ಬೆಂಕಿಗೂ ತಕ್ಕಂತೆ ಬದಲಾಗುತ್ತಿರುತ್ತದೆ, ಬುಕ್ ಮಾಡುವ ದಿನವೇ ನೋಡಿಕೊಳ್ಳಿ. ಭಟ್ಟರ ಮನೆಗೆ ಎಷ್ಟು ಜನ ಊಟಕ್ಕೆ ಬರುತ್ತೀರೆಂದು ಮೊದಲೇ ತಿಳಿಸಿ, ಹೇಳಿದಷ್ಟು ಜನ ಕುಳಿತು ಉಣ್ಣಿ.

ಇಂತಿ ನಿಮ್ಮ ಊರಿನವ,
ಬಾಗಲೂರು